ಐವತ್ತರ ಮೇಲೆ ವಿಮಾನ ಕಲಿಕೆ: ವಯಸ್ಸು ಅಡ್ಡಿಯಲ್ಲ, ಬಿಪಿ ಮತ್ತು ಬಿಲ್ಲು ಅಡ್ಡಿ

ಬೆಳಗಾವಿ: ಸಾಂಬ್ರಾ ಸುತ್ತಲಿನ ಊರಿನವರಿಗೆ ತಲೆ ಮೇಲೆ ಸಣ್ಣ ವಿಮಾನ ಗಿರಕಿ ಹೊಡೆಯೋದು ಹೊಸದೇನಲ್ಲ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ದೇಶದ ಐದು ನಿಲ್ದಾಣಗಳಲ್ಲಿ ಹಾರಾಟ ತರಬೇತಿ ಶಾಲೆಗಳಿಗೆ ಜಾಗ ಕೊಟ್ಟಿತು. ಅದರಲ್ಲಿ ಎರಡು ನಮ್ಮ ರಾಜ್ಯದವು, ಬೆಳಗಾವಿ ಮತ್ತು ಕಲಬುರಗಿ. ಆಗಿನಿಂದ ಮಗನನ್ನು ಪೈಲಟ್ ಮಾಡುವ ಮಾತು ತಾಲೂಕಿನ ಅಂಗಡಿ ಕಟ್ಟೆಗಳಿಗೂ ಬಂದಿದೆ. ಈಗ ಅದರ ಜೊತೆಗೆ ಇನ್ನೊಂದು ಪ್ರಶ್ನೆ: 'ಮಗನ ಮಾತು ಬಿಡ್ರಿ, ಈ ವಯಸ್ಸಿನ್ಯಾಗ ನಮಗ ಕಲಿಸ್ತಾರೇನು?'

ಕಲಿಸ್ತಾರೆ. ಖಾಸಗಿ ಪೈಲಟ್ ಲೈಸೆನ್ಸ್‌ಗೆ (ಪಿಪಿಎಲ್) ಕನಿಷ್ಠ 17 ವರ್ಷ ಆಗಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು. ಇಷ್ಟೇ ವಯಸ್ಸಿನೊಳಗೆ ಮುಗಿಸಬೇಕು ಅನ್ನೋ ನಿಯಮ ಇಲ್ಲ. ಕನಿಷ್ಠ 40 ಗಂಟೆ ಹಾರಾಟ, ಜೊತೆಗೆ ಹವಾಮಾನ, ದಾರಿ ಲೆಕ್ಕ, ವಿಮಾನ ನಿಯಮಗಳ ಪರೀಕ್ಷೆ. ಕಂಪನಿ ವಿಮಾನ ಓಡಿಸೋ ಕಮರ್ಷಿಯಲ್ ಲೈಸೆನ್ಸ್ ಬೇರೆ ಮಾತು. ಅದಕ್ಕೆ 200 ಗಂಟೆ ಬೇಕು, 65 ದಾಟಿದ ಮೇಲೆ ಪ್ರಯಾಣಿಕರ ವಿಮಾನದ ಪೈಲಟ್ ಸೀಟೂ ಸಿಗೋದಿಲ್ಲ. ಐವತ್ತರಲ್ಲಿ ನೌಕರಿ ಆಸೆಗೆ ಹೋಗೋದು ದುಡ್ಡು ಹಾಳು ಮಾಡೋ ಕೆಲಸ, ಯಾರು ಏನೇ ಹೇಳಲಿ.

ಇಲ್ಲಿ ಜೆ.ಆರ್.ಡಿ. ಟಾಟಾ ಹೆಸರು ತಪ್ಪದೇ ಬರುತ್ತೆ. 1982ರಲ್ಲಿ 78ನೇ ವಯಸ್ಸಿನಲ್ಲಿ ಕರಾಚಿಯಿಂದ ಮುಂಬೈಗೆ ಸಣ್ಣ ವಿಮಾನ ಹಾರಿಸಿದ್ದು ನಿಜ. ಆದರೆ ಅವರು ಲೈಸೆನ್ಸ್ ತೆಗೆದುಕೊಂಡಿದ್ದು 24ರಲ್ಲಿ. ಹಳೇ ಕೈಗೂ ಹೊಸ ಕೈಗೂ ವ್ಯತ್ಯಾಸ ಇದೆ.

ಹೊಸ ಕೈಗೆ ಆ ವ್ಯತ್ಯಾಸ ಬಿಲ್ಲಿನಲ್ಲಿ ಕಾಣುತ್ತೆ. ಇಳಿಸುವಾಗ ರನ್‌ವೇ ಎಷ್ಟು ಹತ್ತಿರ ಬಂತು ಅನ್ನೋ ಅಂದಾಜು, ಒಂದೇ ಹೊತ್ತಿಗೆ ರೇಡಿಯೋದಲ್ಲಿ ಇಂಗ್ಲಿಷ್ ಮಾತು, ಕೈಕಾಲಿನ ಕೆಲಸ. ವಯಸ್ಸಾದಂತೆ ಇದೆಲ್ಲ ಕೂಡಿಬರೋಕೆ ಹೆಚ್ಚು ಗಂಟೆ ಬೇಕು. ಗಂಟೆಗೆ 15 ಸಾವಿರ ಅಂತ ಹಿಡಿದರೂ 40 ಗಂಟೆಗೆ 6 ಲಕ್ಷ, 60 ಆದರೆ 9 ಲಕ್ಷ. ಅಂಗಡಿ ಬಿಟ್ಟು ವಾರಕ್ಕೊಮ್ಮೆ ಹೋದರೆ ಕಲಿತದ್ದು ಮರೆತು, ಹೋದ ವಾರದ ಪಾಠಕ್ಕೇ ಮತ್ತೆ ದುಡ್ಡು. ಮಳೆಗಾಲದಲ್ಲಿ ಮೋಡ ಕೆಳಗಿಳಿದರೆ ಪಾಠವೇ ಇಲ್ಲ.

ಅದಕ್ಕಿಂತ ಮೊದಲು ಡಾಕ್ಟರ್ ಬಾಗಿಲು ದಾಟಬೇಕು. ಡಿಜಿಸಿಎ ಮಾನ್ಯತೆ ಇರೋ ವೈದ್ಯರ ಹತ್ತಿರ ಎರಡನೇ ದರ್ಜೆ ಮೆಡಿಕಲ್ ಆಗಬೇಕು. ಚಾಳೀಸು ಬಂದಿದ್ದರೆ ತೊಂದರೆ ಇಲ್ಲ, ಕನ್ನಡಕಕ್ಕೆ ಅವಕಾಶ ಇದೆ. ಬಿಪಿ, ಶುಗರ್, ಇಸಿಜಿ ವಿಷಯದಲ್ಲಿ ಮಾತ್ರ ಹಲವರು ಸಿಕ್ಕಿಬೀಳೋದು. ಫೀ ಕಟ್ಟಿ ಆಮೇಲೆ ಮೆಡಿಕಲ್‌ಗೆ ಹೋಗೋದು ಹೊಲ ನೋಡದೆ ಇಸಾರ ಕೊಟ್ಟ ಹಾಗೆ.

ಲೈಸೆನ್ಸ್ ಬಂದ ಮೇಲಿನ ಪ್ರಶ್ನೆ ಯಾರೂ ಕೇಳೋದಿಲ್ಲ: ಹಾರಿಸೋದು ಯಾವ ವಿಮಾನ? ಪಿಪಿಎಲ್ ಇಟ್ಟುಕೊಂಡು ಬಾಡಿಗೆ ಪಡೆದು ಜನರನ್ನು ಒಯ್ಯೋ ಹಾಗಿಲ್ಲ. ಸ್ವಂತ ವಿಮಾನ ಇಲ್ಲದವರು ಮತ್ತೆ ಶಾಲೆ ವಿಮಾನಕ್ಕೇ ಗಂಟೆ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು. ಆರೆಂಟು ತಿಂಗಳು ಹಾರಿಸದೇ ಬಿಟ್ಟರೆ ಕೈ ತಪ್ಪುತ್ತೆ.

ಸುರಕ್ಷತೆಯನ್ನೂ ನೋಡಬೇಕು. 2023ರ ಮೇ ತಿಂಗಳಲ್ಲಿ ಇದೇ ಬೆಳಗಾವಿ ತಾಲೂಕಿನ ಹೊನ್ನಿಹಾಳ ಹತ್ತಿರ ತರಬೇತಿ ವಿಮಾನವೊಂದು ಹೊಲದಲ್ಲಿ ತುರ್ತಾಗಿ ಇಳಿದಿತ್ತು. ಒಳಗಿದ್ದ ಇಬ್ಬರೂ ಬದುಕಿದರು. 2025ರ ಅಕ್ಟೋಬರ್‌ನಲ್ಲಿ ಡಿಜಿಸಿಎ ಮೊದಲ ಸಲ ತರಬೇತಿ ಶಾಲೆಗಳಿಗೆ ದರ್ಜೆ ಕೊಟ್ಟಾಗ ದೇಶದ ಒಂದು ಶಾಲೆಗೂ ಮೇಲಿನ ದರ್ಜೆ ಸಿಗಲಿಲ್ಲ. ಈ ದರ್ಜೆಯನ್ನು ವರ್ಷಕ್ಕೆರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಕೊಡೋದು ಅಂತ ಆಗಿದೆ. ಸೇರೋ ಶಾಲೆ ಆ ಪಟ್ಟಿಯಲ್ಲಿ ಎಲ್ಲಿದೆ, ಹಾರೋ ಸ್ಥಿತಿಯಲ್ಲಿರೋ ವಿಮಾನ ಎಷ್ಟು, ಕಲಿಸೋರು ಎಷ್ಟು ಜನ, ಮಧ್ಯೆ ಬಿಟ್ಟರೆ ದುಡ್ಡು ವಾಪಸ್ ಬರುತ್ತೋ ಇಲ್ಲೋ ಅನ್ನೋದನ್ನು ಬರಹದಲ್ಲಿ ಕೇಳಬಹುದು. ಪೂರ್ತಿ ಫೀ ಒಮ್ಮೆಲೇ ಕೇಳಿದರೆ, ಹಾರಿದ ಗಂಟೆಗೆ ತಕ್ಕಂತೆ ಕಂತು ಮಾಡಿ ಅನ್ನೋಕೆ ನಾಚಿಕೆ ಬೇಡ. ಸಂತೆಯಲ್ಲಿ ಎತ್ತು ಕೊಳ್ಳುವಾಗಲೂ ಹಲ್ಲು ನೋಡೇ ನೋಡ್ತಾರೆ.