ಚೌಡಕಿ ನಮ್ಮ ಗುರುತಲ್ಲೇನು? (ಭಾಗ 4)

ನವೆಂಬರ್ 1 ಬಂತಂದ್ರ ನಮ್ಮ ಸ್ಟೋರಿ ತುಂಬ ಡೊಳ್ಳು. ಹಳದಿ-ಕೆಂಪು ಶಾಲು, ಹಿಂದ ಡೊಳ್ಳಿನ ಸಪ್ಪಳ, ಮ್ಯಾಲೆ "ನಮ್ಮ ಗುರುತು" ಅಂತ ಒಂದು ಸಾಲು. ಚಂದನೇ ಅದ. ಆದ್ರ ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಫೋಟೋದಾಗ ಬಾರಿಸೋರು ಯಾರು, ಕಳಸ ಹಿಡಿದು ನಿಂತೋರು ಯಾರು?

ನಮ್ಮ ಯಾದಗಿರಿ, ಶಹಾಪುರ, ಸುರಪುರ ಕಡೆ ವಾದ್ಯ ಅಂದ್ರ ಗಂಡಸರ ಕೈ ಅಂತ ರೂಢಿ. ಡೊಳ್ಳು ಬೀರಪ್ಪನ ಗುಡಿಯದು, ಹಾಲುಮತದ ಗಂಡಸರು ಹೊತ್ತು ಕುಣಿದದ್ದು. ಮೊಹರಂನಾಗ ಅಲಾಯಿ ಕುಣಿ ಸುತ್ತ ಹಲಗಿ ಬಾರಿಸೋರೂ ಗಂಡಸರೇ. "ಹೆಣ್ಮಕ್ಕಳಿಗೆ ಅಷ್ಟು ಭಾರ ಆಗ್ತದೇನು?" ಅಂತಾರ. ಎರಡು ಕೊಡ ನೀರು ಹೊರೋವಾಗ ಆ ಭಾರದ ಲೆಕ್ಕ ಯಾರೂ ಹಾಕಲ್ಲ. ಇವತ್ತು ರಾಜ್ಯದಾಗ ಹೆಣ್ಮಕ್ಕಳ ಡೊಳ್ಳಿನ ತಂಡಗಳೇ ಅದಾವ. ಭಾರದ ಮಾತು ಅಲ್ಲಿಗೆ ಮುಗೀತು.

ಈಗ ಚೌಡಕಿ ನೋಡ್ರಿ. ಒಂದು ಕೊಳವಿ, ಅದಕ್ಕ ಚರ್ಮದ ಹೊದಿಕೆ, ಒಂದೇ ತಂತಿ. ಶ್ರುತಿಯೂ ಅದೇ, ತಾಳವೂ ಅದೇ. ಅದು ಎಲ್ಲಮ್ಮನ ಹಾಡಿನ ವಾದ್ಯ. ಜೋಗತಿಯರು, ಜೋಗಪ್ಪಗಳು ಅದನ್ನ ತಲೆಮಾರುಗಟ್ಟಲೆ ಉಳಿಸಿಕೊಂಡು ಬಂದಾರ. ಆದ್ರ ಅವರು ಮಂಗಳವಾರ, ಶುಕ್ರವಾರ ಮನಿ ಮುಂದ ಬಂದ್ರ ನಾವು "ಜೋಗ ಬೇಡೋರು ಬಂದ್ರು" ಅಂತೀವಿ. "ಕಲಾವಿದರು ಬಂದ್ರು" ಅಂತ ಯಾರಾದ್ರೂ ಅಂದದ್ದು ಕೇಳೀರೇನು? ಗಂಡಸರ ವಾದ್ಯ ನಾಡಿನ ಗುರುತು ಆಯ್ತು, ಇವರ ವಾದ್ಯ ಭಿಕ್ಷೆ ಆಯ್ತು.

ಉಕ್ರೇನ್ ದೇಶದಾಗ ಬಂಡೂರ ಅನ್ನೋ ತಂತಿವಾದ್ಯ ಅದ. ಹಿಂದಕ್ಕ ಅದನ್ನ ನುಡಿಸಿ ಹಾಡ್ತಿದ್ದೋರು ಹೆಚ್ಚಾಗಿ ಕಣ್ಣು ಕಾಣದ ಗಂಡಸರು, ಊರೂರು ತಿರುಗೋ ಕೋಬ್ಜಾರರು. 20ನೇ ಶತಮಾನದಾಗ ಹೆಣ್ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಅದನ್ನ ಕೈಗೆ ತಗೊಂಡ್ರು. ಅದರಿಂದ ಬಂಡೂರ ಉಕ್ರೇನಿನದು ಅಲ್ಲದಂಗ ಆಗಲಿಲ್ಲ. ನುಡಿಸೋ ಕೈ ಬದಲಾದ್ರ ನಾಡಿನ ಗುರುತು ಅಳಿಸಿಹೋಗಲ್ಲ.

ನಮ್ಮಲ್ಲೂ ಒಂದು ಬಾಗಿಲು ತೆರದದ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದ್ರು, ಆ ಹುದ್ದೆಗೆ ಬಂದ ಮೊದಲ ಲಿಂಗಪರಿವರ್ತಿತ ಮಹಿಳೆ. 2021ರಲ್ಲಿ ಪದ್ಮಶ್ರೀ ಬಂತು. ಅವರ ವಿಡಿಯೋ ನಾವೆಲ್ಲಾ ಶೇರ್ ಮಾಡಿದ್ವಿ. ನಮ್ಮ ಓಣಿಯ ಜೋಗಪ್ಪಗ ಮಾತ್ರ ಹಿಂದಿನಿಂದ ಚಪ್ಪಾಳೆ ತಟ್ಟಿ ನಗೋದು ಬಿಟ್ಟಿಲ್ಲ.

"ಚೌಡಕಿ ಹೊಗಳಿದ್ರ ಮುತ್ತು ಕಟ್ಟೋ ಪದ್ಧತಿ ಹೊಗಳಿದಂಗ ಆಗಲ್ಲೇನು?" ಅಂತ ಕೇಳ್ತೀರಿ. ನ್ಯಾಯದ ಪ್ರಶ್ನೆ. ದೇವದಾಸಿ ಬಿಡೋದನ್ನ ಕರ್ನಾಟಕ 1982ರ ಕಾಯ್ದೆಯಲ್ಲೇ ನಿಷೇಧಿಸ್ಯದ, ಅದು ಮತ್ತ ಬರಬಾರದು. ಆದ್ರ ತಪ್ಪು ತಂತಿದಲ್ಲ. ಯಾವ ಹುಡುಗಿಗೂ ಮುತ್ತು ಕಟ್ಟದೆ, ಯಾವ ಹುಡುಗನ್ನೂ ಮನಿಯಿಂದ ಹೊರಗ ಹಾಕದೆ, ಚೌಡಕಿ ಕಲಿಸಬಹುದು. ಕಲಿಸೋರಿಗೆ ಜೋಳ ಅಲ್ಲ, ಗೌರವಧನ ಕೊಡಬಹುದು.

ಅದಕ್ಕ ಈ ಸಲ ಕಾಲೇಜಿನ ರಾಜ್ಯೋತ್ಸವ ಕಮಿಟಿಯಲ್ಲಿರೋ ಗೆಳೆಯರೇ, ಗೆಳತಿಯರೇ, ಎರಡು ಕೆಲಸ ಮಾಡ್ರಿ. ಡೊಳ್ಳಿಗೆ ಹೆಸರು ಬರಕೊಳ್ಳೋವಾಗ ಹುಡುಗಿಯರನ್ನೂ ಕೇಳ್ರಿ. ವೇದಿಕೆಗೆ ಒಬ್ಬ ಚೌಡಕಿ ಕಲಾವಿದರನ್ನ ಕರೀರಿ, ಬಂದವರಿಗೆ ಕುರ್ಚಿ ಹಾಕ್ರಿ, ಮೈಕ್ ಕೊಡ್ರಿ.

ನಿಮ್ಮ ಊರಾಗ ಚೌಡಕಿ ನುಡಿಸೋರು ಇನ್ನೂ ಇದ್ದಾರೇನು? ಊರಿನ ಹೆಸರಷ್ಟೇ ಕಮೆಂಟ್‌ನಾಗ ಹಾಕ್ರಿ. ಅವರನ್ನ ಕೇಳದೆ ಫೋಟೋ ಹಾಕಬ್ಯಾಡ್ರಿ.

#ಚೌಡಕಿ #ಡೊಳ್ಳು #ಯಾದಗಿರಿ #ಶಹಾಪುರ #ಸುರಪುರ