ಹುಳ ಹೊಲದ್ದೋ, ಗೋಣಿಚೀಲದ್ದೋ?

ಔಷಧಿ ಹೊಡೆಯದ ಆಲೂಗೆಡ್ಡೆ ಅಂತ ನಾಲ್ಕು ಕಾಸು ಹೆಚ್ಚು ಕೊಟ್ಟು ಕೊಂಡು, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಮನೆಗೆ ತಂದು ಹೆಚ್ಚಿದರೆ ಒಳಗೆಲ್ಲ ಕಪ್ಪು ಸುರಂಗ! ಮಾರನೇ ದಿನ ಅಂಗಡಿ ಮುಂದೆ ಜಗಳ. ಅಂಗಡಿಯವರು 'ಸಾವಯವ ಅಂದ್ರೆ ಹಿಂಗೇ ಸ್ವಾಮಿ' ಎಂದು ರೈತನ ಕಡೆ ಕೈ ತೋರಿಸುತ್ತಾರೆ. ಮುಂಗಾರಿಗೆ ಮೊದಲು ಜಲಂಧರ್ ಬೀಜಕ್ಕೆ ದುಬಾರಿ ಬೆಲೆ ತೆತ್ತ ಹಾಸನದ ರೈತನ ಚೀಲವನ್ನು ಆಮೇಲೆ ಕೇಳುವವರಿಲ್ಲ.

ತಪ್ಪು ಪೂರಾ ಅವನದೇ? ಗೆಡ್ಡೆ ಕೊರೆಯುವುದು ರಾತ್ರಿ ಹಾರಾಡುವ ಸಣ್ಣ ಬೂದು ಚಿಟ್ಟೆಯ ಮರಿ. ಹೊರಗೆ ಕಾಣುವ ಗೆಡ್ಡೆಯ ಕಣ್ಣಿನ ಹತ್ತಿರ ತಾಯಿ ಮೊಟ್ಟೆಯಿಟ್ಟು ಹೋಗುತ್ತೆ. ಹೊಲದಲ್ಲಿ ಇದಕ್ಕೆ ಮೊದಲ ಮದ್ದು ಮಣ್ಣೇ. ಬೀಜವನ್ನು ನಾಲ್ಕು ಅಂಗುಲ ಆಳಕ್ಕೆ ಊರಬೇಕು, ಸಾಲಿಗೆ ಚೆನ್ನಾಗಿ ಮಣ್ಣು ಏರಿಸಬೇಕು, ನೆಲ ಬಿರುಕು ಬಿಡದ ಹಾಗೆ ತೇವ ಕಾಯಬೇಕು. ಎಲೆಗೆ ಬಿದ್ದ ಹುಳಕ್ಕೆ 5 ಕೆ.ಜಿ. ಬೇವಿನ ಬೀಜದ ಪುಡಿ ರಾತ್ರಿಯಿಡೀ ನೆನೆಸಿ, ಸೋಸಿ, 100 ಲೀಟರ್ ನೀರು ಮಾಡಿಕೊಂಡು ಸಂಜೆ ಹೊತ್ತು ಸಿಂಪಡಿಸಬಹುದು. (ಅಂಗಮಾರಿಯ ಮಾತು ಬೇರೆ. ಅದು ರೋಗ, ಹುಳವಲ್ಲ.)

ಇಷ್ಟು ಮಾಡಿದವನೂ ಕಿತ್ತ ದಿನ ಎಡವುತ್ತಾನೆ. ಆಲೂಗಿಡದ ಸೊಪ್ಪನ್ನೇ ರಾಶಿಯ ಮೇಲೆ ಹೊದಿಸುತ್ತಾನೆ. ಸೊಪ್ಪು ಒಣಗುತ್ತಿದ್ದ ಹಾಗೆ ಅದರೊಳಗಿನ ಮರಿ ಗೆಡ್ಡೆಗೆ ಇಳಿಯುತ್ತೆ. ರಾಶಿಯನ್ನು ರಾತ್ರಿ ಬಯಲಲ್ಲಿ ಬಿಡದೆ ಒಳಗೆ ಸೇರಿಸುವುದೇ ವಾಸಿ.

ಅಲ್ಲಿಂದ ಮುಂದಿನದು ಮಂಡಿ ಮತ್ತು ಅಂಗಡಿಯ ಲೆಕ್ಕ. ಬೆಚ್ಚಗಿನ ಗೋದಾಮಿನಲ್ಲಿ ಮೊಟ್ಟೆ ಮತ್ತೆ ಚಿಟ್ಟೆಯಾಗಲು ಒಂದು ತಿಂಗಳು ಸಾಕು. ಹಳೇ ಗೋಣಿಚೀಲದ ಮಡಿಕೆಯಲ್ಲೂ ಮೂಲೆಯ ಕಸದಲ್ಲೂ ಅದರ ಗೂಡು ಇರುತ್ತೆ. ಹೋದ ತಿಂಗಳ ಚೀಲಕ್ಕೆ ಈ ತಿಂಗಳ ಒಳ್ಳೆ ಮಾಲು ಸುರಿದು, ಕೊರೆದ ಗೆಡ್ಡೆ ಆರಿಸಿ ಬಾಗಿಲ ಪಕ್ಕದಲ್ಲೇ ಗುಡ್ಡೆ ಹಾಕಿದರೆ ಹುಳಕ್ಕೆ ಊಟ-ವಸತಿ ಎರಡೂ ನಾವೇ ಕೊಟ್ಟ ಹಾಗಾಯಿತು. ಸಾವಯವ ಮಾಲು, ಔಷಧಿ ಮಾಲು ಅಂತ ಅದು ಭೇದ ಮಾಡೋದಿಲ್ಲ.

ಅಂಗಡಿಯವರು ಚೀಲಗಳನ್ನು ಕೊಡವಿ ಬಿಸಿಲಿಗೆ ಹಾಕಲಿ. ಕೊರೆದದ್ದನ್ನು ಅಂದೇ ಆಳವಾಗಿ ಹೂಳಲಿ. ನಾಲ್ಕು ದಿನ ಇಡುವ ಮಾಲಿನ ಮೇಲೆ ಒಣಗಿದ ಲಂಟಾನ ಇಲ್ಲವೇ ನೀಲಗಿರಿ ಸೊಪ್ಪು ಹರಡಲಿ. ಎರಡಕ್ಕೂ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಆಮೇಲೂ ತೂತು ಕಂಡರೆ ರೈತನನ್ನು ಕೇಳೋಣ. ಅಲ್ಲೀತನಕ ಅವನ ಚೀಲಕ್ಕೆ ಬೆಲೆ ಮುರಿಯುವುದು ನಿಲ್ಲಲಿ.