ಧೂಳು ಯಾರದು?

ಉತ್ತರ ಭಾರತದಲ್ಲಿ ಮೇ ಮತ್ತು ಜೂನ್ ತಿಂಗಳುಗಳು ಸುಡುಗಾಳಿಯ ಕಾಲ. ಮಳೆಗಾಲಕ್ಕೆ ಮುಂಚಿನ ಈ ದಿನಗಳಲ್ಲಿ ಥಾರ್ ಮರುಭೂಮಿಯ ನೆಲವು ಕಾದ ಹಂಚಿನಂತಾಗುತ್ತದೆ. ಅಲ್ಲಿಯ ಮಣ್ಣನ್ನು ಹಿಡಿದಿಡಲು ತೇವವೂ ಇಲ್ಲ, ಹುಲ್ಲಿನ ಬೇರೂ ಇಲ್ಲ. ಪಶ್ಚಿಮದಿಂದ ಬಿರುಗಾಳಿ ಎದ್ದಾಗ ದಪ್ಪ ಮರಳಿನ ಕಣಗಳು ನೆಲದ ಮೇಲೆ ಪುಟಿಯುತ್ತ ಸಾಗುತ್ತವೆ. ಅವುಗಳ ಹೊಡೆತಕ್ಕೆ ನುಣ್ಣನೆಯ ಧೂಳು ಮೇಲೆದ್ದು, ಗಾಳಿಯೊಡನೆ ನೂರಾರು ಕಿಲೋಮೀಟರು ಪಯಣಿಸುತ್ತದೆ. ಮರಳು ಮರುಭೂಮಿಯಲ್ಲಿಯೇ ಉಳಿಯುತ್ತದೆ. ಧೂಳು ದೆಹಲಿಯನ್ನು ಮುಟ್ಟುತ್ತದೆ. ಹಗಲಿನಲ್ಲಿಯೇ ಮಬ್ಬು ಕವಿಸುವ ಈ ಬಿರುಗಾಳಿಯನ್ನು ಅಲ್ಲಿಯ ಜನರು 'ಆಂಧಿ' ಎಂದು ಕರೆಯುತ್ತಾರೆ.

ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳೇ ಹೆಚ್ಚು ಅಪಾಯಕಾರಿಯಾದುದು. ಮಿಲಿಮೀಟರಿನ ನೂರರಲ್ಲೊಂದು ಭಾಗಕ್ಕಿಂತ ಚಿಕ್ಕದಾದ ಕಣಗಳು ಮೂಗು ಗಂಟಲುಗಳ ಕಾವಲನ್ನು ದಾಟಬಲ್ಲವು. ನಾನೂರರಲ್ಲೊಂದು ಭಾಗಕ್ಕಿಂತ ಚಿಕ್ಕವು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಮೊದಲ ಬಗೆಯ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 100 ಮೈಕ್ರೋಗ್ರಾಂ ಮೀರಬಾರದೆಂಬುದು ನಮ್ಮ ದೇಶವು ವಿಧಿಸಿರುವ ಮಿತಿ. 2018ರ ಜೂನ್ ತಿಂಗಳಿನಲ್ಲಿ ರಾಜಸ್ಥಾನದ ಕಡೆಯಿಂದ ಬಂದ ಧೂಳು ದೆಹಲಿಯ ಮೇಲೆ ಕವಿದು ನಿಂತಾಗ, ಈ ಪ್ರಮಾಣವು ಮಿತಿಯ ಹಲವು ಪಟ್ಟು ಏರಿತು. ಆಗ ಅಧಿಕಾರಿಗಳು ಕೆಲವು ದಿನಗಳ ಮಟ್ಟಿಗೆ ನಗರದ ಕಟ್ಟಡ ಕಾಮಗಾರಿಗಳನ್ನು ನಿಲ್ಲಿಸಿದರು.

ಮರುಭೂಮಿಯಿಂದ ಬಂದ ಧೂಳಿಗಾಗಿ ನಗರದ ಕಾಮಗಾರಿಯನ್ನು ನಿಲ್ಲಿಸಿದುದೇಕೆ? ಗಾಳಿಗೆ ಆಜ್ಞೆ ಮಾಡುವ ಶಕ್ತಿ ಯಾವ ಸರ್ಕಾರಕ್ಕೂ ಇಲ್ಲ. ಆದರೆ ಬಂದ ಧೂಳಿಗೆ ನಾವು ಸೇರಿಸುವ ಧೂಳನ್ನು ತಡೆಯುವುದು ನಮ್ಮ ಕೈಯಲ್ಲಿದೆ. ಅಗೆದು ಬಿಟ್ಟ ರಸ್ತೆ, ಮುಚ್ಚದೆ ಸಾಗಿಸುವ ಮರಳಿನ ಲಾರಿ, ಬಯಲಿನಲ್ಲಿ ಸುರಿದ ಸಿಮೆಂಟು, ವಾಹನಗಳ ಹೊಗೆ — ಇವು ಯಾವುವೂ ಥಾರ್ ಮರುಭೂಮಿಯ ಕೊಡುಗೆಯಲ್ಲ. ಆಂಧಿಯು ವರ್ಷದಲ್ಲಿ ಕೆಲವು ದಿನಗಳ ಅತಿಥಿ. ಇವು ವರ್ಷವಿಡೀ ಮನೆಯಲ್ಲಿಯೇ ಇರುವಂಥವು. ಮರುಭೂಮಿಯ ಗಾಳಿ ಬಹುಮಟ್ಟಿಗೆ ಅಡಗಿರುವ ಚಳಿಗಾಲದಲ್ಲಿಯೇ ದೆಹಲಿಯ ಉಸಿರು ಹೆಚ್ಚು ಕಟ್ಟುತ್ತದೆ ಎಂಬುದನ್ನು ಮರೆಯಬಾರದು. ಎಲ್ಲ ತಪ್ಪನ್ನೂ ಮರುಭೂಮಿಯ ಮೇಲೆ ಹೊರಿಸುವುದು, ಕುಣಿಯಲಾರದವಳು ನೆಲ ಡೊಂಕು ಎಂದಂತೆ.

ಇನ್ನೂ ಒಂದು ಮಾತುಂಟು. ಗುಜರಾತಿನಿಂದ ದೆಹಲಿಯವರೆಗೆ ಸುಮಾರು 700 ಕಿಲೋಮೀಟರು ಹಬ್ಬಿರುವ ಅರಾವಳಿ ಬೆಟ್ಟಸಾಲು ಮರುಭೂಮಿಯ ಧೂಳಿಗೆ ಪ್ರಕೃತಿಯೇ ಕಟ್ಟಿದ ಗೋಡೆ. ಈ ಗೋಡೆಯ ಕಲ್ಲನ್ನು ಒಡೆದು ನಗರಗಳ ಮಹಡಿಗಳನ್ನು ಕಟ್ಟಲಾಯಿತು. ರಾಜಸ್ಥಾನದ ಅರಾವಳಿಯಲ್ಲಿ ಪರಿಶೀಲಿಸಿದ 128 ಗುಡ್ಡಗಳ ಪೈಕಿ 31 ಕಾಣೆಯಾಗಿವೆ ಎಂಬ ವರದಿಯು 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಕುಳಿತ ಕೊಂಬೆಯನ್ನೇ ಕಡಿಯುವ ಜಾಣತನಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮರುಭೂಮಿಯು ನಮ್ಮ ಶತ್ರುವಲ್ಲ. ಸಹಾರಾದ ಧೂಳು ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆಜಾನ್ ಕಾಡಿಗೆ ರಂಜಕವೆಂಬ ಗೊಬ್ಬರವನ್ನು ಒಯ್ಯುತ್ತದೆ. ಧೂಳಿಗೂ ಸೃಷ್ಟಿಯಲ್ಲಿ ಒಂದು ಕೆಲಸವಿದೆ. ಅದರ ಹಾವಳಿಯನ್ನು ತಗ್ಗಿಸುವ ದಾರಿಯೂ ನಮಗೆ ತಿಳಿಯದುದಲ್ಲ. ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಯು ಹುಲ್ಲು, ಪೊದೆ, ಮರಗಳ ಸಾಲುಗಳಿಂದ ಮರಳುದಿಬ್ಬಗಳನ್ನು ನೆಲೆನಿಲ್ಲಿಸುವ ಕ್ರಮವನ್ನು ದಶಕಗಳಿಂದ ತೋರಿಸಿಕೊಟ್ಟಿದೆ. ಬೇಕಾಗಿರುವುದು ಅರಿವಲ್ಲ, ಆಚರಣೆ.

ಆಂಧಿ ಬಂದ ದಿನ ಉಳ್ಳವರು ಕಿಟಕಿಗಳನ್ನು ಮುಚ್ಚಿಕೊಂಡು ಒಳಗೆ ಕುಳಿತಾರು. ಕಲ್ಲು ಹೊರುವ ಕೂಲಿಯವನಿಗೆ, ಬೀದಿಯಲ್ಲಿ ತರಕಾರಿ ಮಾರುವ ತಾಯಿಗೆ, ಚೌಕದಲ್ಲಿ ನಿಂತ ಪೊಲೀಸಿನವನಿಗೆ ಮುಚ್ಚಲು ಕಿಟಕಿಯೇ ಇಲ್ಲ. ನಗರದ ಗಾಳಿಯ ಬೆಲೆಯನ್ನು ಮೊದಲು ತೆರುವವರು ಇವರೇ. ಆದುದರಿಂದ ಧೂಳು ಎಲ್ಲಿಂದ ಬಂದಿತೆಂದು ಕೇಳಿದಷ್ಟಕ್ಕೇ ಸುಮ್ಮನಾಗಬಾರದು. ಅದಕ್ಕೆ ನಾವು ಸೇರಿಸಿದುದೆಷ್ಟು, ಅದನ್ನು ತಡೆಯುತ್ತಿದ್ದ ಗುಡ್ಡವನ್ನು ಕರಗಿಸಿದವರಾರು ಎಂದೂ ಕೇಳಬೇಕು. ಗಾಳಿಯನ್ನು ಕಟ್ಟಿಹಾಕಲು ಯಾರಿಂದಲೂ ಆಗದು. ಆದರೆ ನಮ್ಮ ಪಾಲಿನ ಧೂಳಿಗೆ ನಾವೇ ಹೊಣೆ.